ಸ್ಟಿಫ್, ರಫ್ ಮತ್ತು ನನ್ನ ಹೆಬ್ಬೆರಳು

ಮೂವತ್ತೆರಡು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದವನು ಬಾಯಿಬಿಟ್ಟು ಹೇಳಬಾರದ ಮಾತೊಂದನ್ನು ಮೊದಲೇ ಹೇಳಿಬಿಡುತ್ತೇನೆ. ಇಂಗ್ಲಿಷಿನಲ್ಲಿ ಹೊಗಳಲು ನನಗೆ ಬರುತ್ತದೆ, ಬಯ್ಯಲು ಬರುವುದಿಲ್ಲ. ಹೊಗಳುವುದೇನು ದೊಡ್ಡ ವಿದ್ಯೆಯಲ್ಲ. ಗುಡ್ ಎಂದರಾಯಿತು, ಮನಸ್ಸು ಇನ್ನೂ ಉಬ್ಬಿದ್ದರೆ ವೆರಿ ಗುಡ್. ಊಟ, ಮಳೆ, ಅಳಿಯ, ಕಬ್ಬಿನ ಇಳುವರಿ, ಎಲ್ಲಕ್ಕೂ ಅದೇ ನಡೆಯುತ್ತದೆ, ಯಾರೂ ತಕರಾರು ತೆಗೆಯುವುದಿಲ್ಲ. ಆದರೆ ಒಂದು ವಸ್ತು ಚೆನ್ನಾಗಿಲ್ಲ ಎಂದು ಹೇಳಲು ಹೊರಟಿರೋ, ಇಂಗ್ಲಿಷಿನವರು ಹತ್ತಾರು ಶಬ್ದಗಳನ್ನು ಸಾಲಾಗಿ ನಿಲ್ಲಿಸಿ, ಯಾವುದು ಬೇಕೋ ಆರಿಸಿಕೋ ಎನ್ನುತ್ತಾರೆ. ಎಲ್ಲವೂ ನೋಡಲು ಅಣ್ಣತಮ್ಮಂದಿರ ಹಾಗೆ. ಲೇಜಿ ಬೇರೆ, ಐಡಲ್ ಬೇರೆ. ಕ್ರುಯೆಲ್ ಬೇರೆ, ಹಾರ್ಶ್ ಬೇರೆ. ಸ್ಟೇಲ್ ಆದದ್ದನ್ನು ಹಸಿವಾದಾಗ ತಿನ್ನಬಹುದು, ರಾಟನ್ ಆದದ್ದನ್ನು ತಿನ್ನುವ ಹಾಗಿಲ್ಲ. ಇವುಗಳ ವ್ಯತ್ಯಾಸವನ್ನು ನಾನು ಮೂವತ್ತೆರಡು ವರ್ಷ ಕರಿಹಲಗೆಯ ಮೇಲೆ ಬರೆದೆ, ಮಕ್ಕಳು ಬರೆದುಕೊಂಡರು. ನನಗೆ ತಿಳಿದಿದೆ ಎಂದು ಅವರು ನಂಬಿದ್ದರು, ಅವರಿಗೆ ತಿಳಿಯಿತು ಎಂದು ನಾನು ನಂಬಿದ್ದೆ. ಹೀಗೆ ಪರಸ್ಪರ ವಿಶ್ವಾಸದಲ್ಲಿ ನನ್ನ ನೌಕರಿ ಮುಗಿಯಿತು.

ನನ್ನ ಹೈಸ್ಕೂಲು ಅಥಣಿಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ಹಾದಿಯ ಒಂದು ಹಳ್ಳಿಯಲ್ಲಿತ್ತು. ಕಬ್ಬಿನ ಹಂಗಾಮಿನಲ್ಲಿ ಉಗಾರದ ಸಕ್ಕರೆ ಕಾರ್ಖಾನೆಯ ಕಡೆ ಹೊರಟ ಟ್ರ್ಯಾಕ್ಟರುಗಳು ಅಡ್ಡ ಸಿಕ್ಕರೆ ಅರ್ಧ ತಾಸು ಒಂದು ತಾಸಾಗುತ್ತಿತ್ತು. ತಡವಾಗಿ ಬಂದದ್ದಕ್ಕೆ ಕಬ್ಬಿನ ನೆಪ ನಮಗೆ ವರ್ಷಕ್ಕೆ ಐದು ತಿಂಗಳು ಸಿಗುತ್ತಿತ್ತು. ಆ ಶಾಲೆಯಲ್ಲಿ ವರ್ಷಕ್ಕೆ ಮೂರು ಸಲ ಮಕ್ಕಳ ಪ್ರಗತಿ ಪತ್ರ ತುಂಬಬೇಕಿತ್ತು. ಕೊನೆಯ ಅಂಕಣ ‘ಶಿಕ್ಷಕರ ಅಭಿಪ್ರಾಯ’. ಅದನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂದು ಹೆಡ್‌ಮಾಸ್ತರರ ಹುಕುಮು. ಮೊದಲ ವರ್ಷ ನಾನು ಶ್ರದ್ಧೆಯಿಂದ ನಿಘಂಟು ಪಕ್ಕಕ್ಕಿಟ್ಟುಕೊಂಡು ಒಬ್ಬನಿಗೆ ಕೇರ್‌ಲೆಸ್, ಇನ್ನೊಬ್ಬನಿಗೆ ನೆಗ್ಲಿಜೆಂಟ್, ಮತ್ತೊಬ್ಬಳಿಗೆ ಇನ್‌ಅಟೆಂಟಿವ್ ಎಂದು ಬರೆದೆ. ಇಪ್ಪತ್ತನೆಯ ಪತ್ರಕ್ಕೆ ಬರುವಷ್ಟರಲ್ಲಿ ಕೈಯೂ ನೊಂದಿತು, ಆ ಮೂವರಲ್ಲಿ ಯಾರು ಯಾರೆಂಬುದೂ ಮರೆತುಹೋಯಿತು. ಎರಡನೆಯ ವರ್ಷ ಚಿಕ್ಕೋಡಿಗೆ ಹೋದಾಗ ಮೂರು ರಬ್ಬರ್ ಠಸ್ಸೆ ಮಾಡಿಸಿಕೊಂಡು ಬಂದೆ. ನಮ್ಮ ಕಡೆ ಅದಕ್ಕೆ ಶಿಕ್ಕಾ ಎನ್ನುತ್ತಾರೆ. ಒಂದರಲ್ಲಿ ಗುಡ್, ಒಂದರಲ್ಲಿ ಫೇರ್, ಒಂದರಲ್ಲಿ ಡಲ್. ಅಂದಿನಿಂದ ಇಡೀ ತರಗತಿಯ ಗುಣಾವಗುಣಗಳನ್ನು ಒಂದು ಚಹಾ ಆರುವುದರೊಳಗೆ ತೀರ್ಮಾನಿಸುತ್ತಿದ್ದೆ. ಗುಡ್ ಶಿಕ್ಕಾ ಕೊನೆಯವರೆಗೂ ಹೊಸದರಂತೆಯೇ ಇತ್ತು. ಡಲ್ ಸವೆದು ಅಕ್ಷರ ಮಸುಕಾದ್ದರಿಂದ ಎರಡು ಸಲ ಹೊಸದಾಗಿ ಮಾಡಿಸಬೇಕಾಯಿತು.

ಬಯ್ಯುವ ಶಬ್ದಗಳ ಬಿಸಿ ನನಗೇ ಒಮ್ಮೆ ತಟ್ಟಿತ್ತು. ಮೇಲಿನ ಕಚೇರಿಯಿಂದ ಬಂದ ಸಾಹೇಬರೊಬ್ಬರು ನನ್ನ ಪಾಠ ಕೇಳಿ, ತಪಾಸಣೆ ಪುಸ್ತಕದಲ್ಲಿ ‘ಟೀಡಿಯಸ್’ ಎಂದು ಬರೆದು ಹೋದರು. ನಾನು ಎರಡು ದಿನ ಊಟ ಬಿಟ್ಟೆ. ಗಣಿತದ ಮಾಸ್ತರರು ಬಂದು ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದರು. “ಅದಕ್ಯಾಕ ಇಷ್ಟ ತ್ರಾಸ ಮಾಡ್ಕೋತೀರಿ? ಟೀಡಿಯಸ್ ಅಂದ್ರ ಪಾಠ ಉದ್ದ ಆತು ಅಂತ. ಬೋರಿಂಗ್ ಅಂತ ಬರದಿದ್ರ ಮಾಸ್ತರ ಉದ್ದ ಆದ ಅಂತ ಆಗತಿತ್ತು. ನೀವು ಉಳಕೊಂಡೀರಿ ಬಿಡ್ರಿ.” ಆ ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಎರಡು ಶಬ್ದಗಳ ನಡುವಿನ ಕೂದಲೆಳೆಯ ಅಂತರದಲ್ಲಿ ಒಬ್ಬ ಮನುಷ್ಯನ ಊಟ ಅಡಗಿರುತ್ತದೆ ಎಂದು ಆವತ್ತೇ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ಮರುದಿನ ಶಾಲೆಗೆ ಹೋಗಿ ಮತ್ತೆ ಡಲ್ ಹೊಡೆದೆ.

ನಿವೃತ್ತಿಯ ದಿನ ಮೂರೂ ಶಿಕ್ಕಾಗಳನ್ನು ಶಾಲೆಯ ಕಪಾಟಿನಲ್ಲೇ ಬಿಟ್ಟು ಬಂದೆ. ಇನ್ನು ಯಾರ ಬಗ್ಗೆಯೂ ಯಾವ ಅಭಿಪ್ರಾಯವನ್ನೂ ಕೊಡಬೇಕಾಗಿಲ್ಲ ಎಂಬ ನಿರಾಳ ಎಷ್ಟಿತ್ತೆಂದರೆ, ಹೆಂಡತಿ ಪದ್ಮಾ ಪಲ್ಯ ಹೇಗಿದೆ ಎಂದು ಕೇಳಿದರೂ ಸುಮ್ಮನೆ ತಲೆಯಾಡಿಸುತ್ತಿದ್ದೆ. ಅಥಣಿಯಲ್ಲಿ ಮನೆ, ಬೆಳಗ್ಗೆ ಬಸದಿ, ಮಧ್ಯಾಹ್ನ ಊಟವಾದ ಮೇಲೆ ಒಂದು ನಿದ್ದೆ. ಆ ನಿದ್ದೆಗೆ ಅಡ್ಡಿಯಾದವಳೇ ಮಹಾದೇವಿ.

ಮಹಾದೇವಿ ನಾನು ಕಲಿಸಿದ ಆ ಹಳ್ಳಿಯ ಸೊಸೆ, ನಿಪ್ಪಾಣಿಯ ಕಡೆಯಿಂದ ಬಂದವಳು. ಅಲ್ಲಿ ಐದು ಜನ ಹೆಂಗಸರನ್ನು ಕೂಡಿಸಿ ಕೊಲ್ಹಾಪುರಿ ಚಪ್ಪಲಿ ಮಾಡುವ ಒಂದು ಗುಂಪು ಕಟ್ಟಿದ್ದಾಳೆ. ಹೆಸರು ಕೊಲ್ಹಾಪುರದ್ದಾದರೂ ಹೊಲಿಯುವ ಕೈ ನಮ್ಮ ಅಥಣಿ ಸೀಮೆಯದೂ ಹೌದು. ಇವರ ಚಪ್ಪಲಿ ಗೋವಾದ ಒಂದು ಅಂಗಡಿಗೆ ಹೋಗುತ್ತಿತ್ತು. ಆ ಅಂಗಡಿಗೆ ಬರುವವರೆಲ್ಲ ಪರದೇಶದ ಗಿರಾಕಿಗಳು. ಅಂಗಡಿಯ ಬಾಯಿ, ಅಂದರೆ ಒಡತಿ, ಬಹಳ ಶಿಸ್ತಿನವರು; ಪ್ರತಿ ಮಾಲಿನ ಮೇಲೆ ಗಿರಾಕಿಗಳು ಏನೆಂದರು ಎಂಬುದನ್ನು ಒಂದು ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಟೈಪು ಮಾಡಿ ಕಳಿಸುತ್ತಿದ್ದರು. ಮೊದಲ ಹಾಳೆ ಬಂದಾಗ ಮಹಾದೇವಿ ಬಸ್ಸು ಹತ್ತಿ ನಮ್ಮ ಮನೆ ಹುಡುಕಿಕೊಂಡು ಬಂದಳು. ನಾನು ಆಗ ತಾನೇ ಚಾಪೆಯ ಮೇಲೆ ಮೈಚಾಚಿದ್ದೆ.

“ಗುರುಗಳ, ಇದರಾಗ ಏನ ಬರದಾರ ಅಷ್ಟ ನೋಡಿ ಹೇಳ್ರಿ. ಊರಾಗ ಎಲ್ಲಾರೂ ನಿಮ್ಮ ಹೆಸರ ಹೇಳಿದ್ರು.”

ಊರಿನಲ್ಲಿ ಎಲ್ಲರೂ ನನ್ನ ಹೆಸರು ಹೇಳಿದರೆಂದ ಮೇಲೆ ಏಳದೇ ಇರಲಾದೀತೇ? ಕನ್ನಡಕ ಹಾಕಿಕೊಂಡು ನೋಡಿದೆ. ಒಬ್ಬ ಗಿರಾಕಿ ಸ್ಟಿಫ್ ಎಂದಿದ್ದ. ಒಬ್ಬಳು ಹಾರ್ಡ್ ಎಂದಿದ್ದಳು. ಮೂವರು ರಫ್, ಇಬ್ಬರು ಹಾರ್ಶ್. ಒಬ್ಬ ಪುಣ್ಯಾತ್ಮ ನಾಯ್ಸಿ ಎಂದು ಬೇರೆ ಬರೆದಿದ್ದ. ಕಣ್ಣು ಎಳೆಯುತ್ತಿತ್ತು. “ಎಲ್ಲಾ ಒಂದ ಐತಿ ತಗೋ ಯವ್ವಾ,” ಎಂದೆ. “ಬಿರಸ ಅಂತಾರ. ಚಪ್ಪಲಿ ಭಾಳ ಬಿರಸ ಅಂತ.”

“ಬರೇ ಬಿರಸ? ಬ್ಯಾರೆ ಏನೂ ಇಲ್ಲ?”

“ಬ್ಯಾರೆ ಏನೂ ಇಲ್ಲ.” ಹಾಳೆ ಮಡಚಿ ಕೊಟ್ಟು ಮಲಗಿದೆ. ಇಂಗ್ಲಿಷಿನ ಐದು ಶಬ್ದಗಳ ಮೇಲೆ ನಾನು ಹೊಡೆದ ಕೊನೆಯ ಶಿಕ್ಕಾ ಅದು. ಚೆನ್ನಾಗಿ ನಿದ್ದೆ ಬಂತು.

ಮೂರು ತಿಂಗಳ ಮೇಲೆ ಮಹಾದೇವಿ ಎರಡನೆಯ ಹಾಳೆ ಹಿಡಿದು ಬಂದಳು. ಮುಖ ಸಣ್ಣದಾಗಿತ್ತು. ಈ ಸಲದ ಶಬ್ದಗಳು ಪೂರ್ತಿ ಬೇರೆ. ಫ್ಲಿಮ್ಸಿ, ಥಿನ್, ವೀಕ್. ಆದರೆ ರಫ್ ಮತ್ತು ಹಾರ್ಶ್ ಮಾತ್ರ ಹಾಗೇ ಕೂತಿದ್ದವು. ಮುಂದಿನ ಮಾಲೂ ಹೀಗೇ ಇದ್ದರೆ ಸಂಬಂಧ ಇಲ್ಲಿಗೇ ಮುಗಿಯಿತು ಎಂದು ಕೆಳಗೆ ಒಂದು ಸಾಲು. ನನಗೆ ಅರ್ಥವಾಗಲಿಲ್ಲ. “ಹಿಂದಿನ ಸಲ ಬಿರಸ ಅಂದವರು ಈ ಸಲ ಜಾಳ ಅನ್ನಾಕತ್ತಾರಲ್ಲ? ನೀವೇನ ಮಾಡಿದ್ರಿ?” ಎಂದು ಕೇಳಿದೆ.

“ನೀವ ಬಿರಸ ಅಂದ್ರಲ್ಲರಿ. ಬಿರಸ ಅಂದ ಮ್ಯಾಲ ಅಟ್ಟೀದ ತಪ್ಪ. ಅದಕ್ಕ ಕಸ್ತೂರಿನ ಮನ್ಯಾಗ ಕೂಡ್ಸೇವಿ.”

ಆಗ ಅವಳು ಬಿಡಿಸಿ ಹೇಳಿದಳು. ಅವರ ಗುಂಪಿನಲ್ಲಿ ಒಬ್ಬಳು ಇಡೀ ಚಪ್ಪಲಿ ಮಾಡುವುದಿಲ್ಲ. ಕಸ್ತೂರಿ ಎಂಬವಳು ಅಟ್ಟೆ, ಎಂದರೆ ಚಪ್ಪಲಿಯ ತಳ, ಕೊಯ್ದು ಪದರ ಕೂಡಿಸುತ್ತಾಳೆ. ಅಡ್ಡಪಟ್ಟಿ ಒಬ್ಬಳದು, ಅದರ ಮೇಲಿನ ಹೆಣಿಗೆ ಒಬ್ಬಳದು, ಹೊಲಿಗೆ ಒಬ್ಬಳದು, ಹೆಬ್ಬೆರಳು ತೂರಿಸುವ ಉಂಗುಟದ ಪಟ್ಟಿ ಮಹಾದೇವಿಯದು. ಅವರೇ ಮಾಡಿಕೊಂಡ ಒಂದು ಕಟ್ಟಳೆ ಇದೆ: ಯಾರ ಕೈಯ ಭಾಗದ ಮೇಲೆ ದೂರು ಬರುತ್ತದೋ ಅವರು ಮುಂದಿನ ಮಾಲಿಗೆ ಕೈ ಹಚ್ಚುವ ಹಾಗಿಲ್ಲ. ಮತ್ತು ಅವರ ಕಸುಬಿನ ಮಾತಿನಲ್ಲಿ ಬಿರುಸು ಎಂಬುದು ಅಟ್ಟೆಗೆ ಮಾತ್ರ ಹೇಳುವ ಶಬ್ದ. ಪಟ್ಟಿಗೆ ಯಾರೂ ಬಿರುಸು ಎನ್ನುವುದಿಲ್ಲ. ಹೀಗಾಗಿ ನನ್ನ ಒಂದು ಮಾತಿನ ಮೇಲೆ ಕಸ್ತೂರಿ ಮನೆಗೆ ಹೋಗಿದ್ದಳು. ಅಟ್ಟೆಯ ಕೆಲಸ ಮೊದಲಿನಿಂದ ಗಂಡಸರದ್ದು. ಗಂಡು ಮಕ್ಕಳಿಲ್ಲದ ಅಪ್ಪನ ಪಕ್ಕ ಕೂತು ಇವಳು ಕಲಿತಿದ್ದಳು. ‘ಹೆಂಗಸಿನ ಕೈಲೆ ಅಟ್ಟಿ ಆಗೂದುಲ್ಲ ಅಂತ ನಾವು ಅವತ್ತ ಹೇಳಿರಲಿಲ್ಲೇನು’ ಎಂದು ಓಣಿಯಲ್ಲಿ ಎಲ್ಲರೂ ಆಡಿಕೊಂಡರಂತೆ. ಮೂರು ತಿಂಗಳಿಂದ ಅವಳು ಬೇರೆಯವರ ಹೊಲಕ್ಕೆ ಕಬ್ಬಿನ ಸೋಗೆ ಸುಲಿಯಲು ಹೋಗುತ್ತಿದ್ದಳು. ಗುಂಪಿನವರು ಬೇರೆ ಕಡೆಯಿಂದ ಮೆತ್ತನೆಯ, ತೆಳ್ಳನೆಯ ಅಟ್ಟೆ ತರಿಸಿ ಹೊಲಿದು ಕಳಿಸಿದರು. ಅದಕ್ಕೇ ಫ್ಲಿಮ್ಸಿ.

“ಯಾವ ಕಸ್ತೂರಿ?” ಎಂದು ಕೇಳಿದೆ, ಒಳಗೊಳಗೇ ಉತ್ತರ ಬೇಡವೆನ್ನುತ್ತ.

“ನಿಮ್ಮ ಸಾಲ್ಯಾಗ ಕಲತಾಕಿ ಅಂತಲ್ಲರಿ. ಆಕಿನ ಅಂದ್ಲು, ಗುರುಗಳು ಬಿರಸ ಅಂದಾರ ಅಂದ್ರ ಬಿರಸ ಇರತೈತಿ, ಅವರಿಗಿ ಇಂಗ್ಲಿಷ್ ತಿಳೀತೈತಿ ಅಂತ. ಅಷ್ಟ ಅಂದ ಎದ್ದ ಹೋದ್ಲು.”

ಬಯ್ದಿದ್ದರೆ ಚೆನ್ನಾಗಿತ್ತು. ಬಯ್ಯುವವರ ಎದುರು ನಾನೂ ಎರಡು ಮಾತಾಡಬಹುದು. ನನ್ನ ಇಂಗ್ಲಿಷಿನ ಮೇಲೆ ನಂಬಿಕೆಯಿಟ್ಟು ಎದ್ದುಹೋದವಳಿಗೆ ಏನು ಹೇಳಲಿ? ಎರಡು ಹಾಳೆಗಳನ್ನೂ ಇಟ್ಟು ಹೋಗು, ನಾಲ್ಕು ದಿನ ಬಿಟ್ಟು ನಾನೇ ಬರುತ್ತೇನೆ, ಕಸ್ತೂರಿಯನ್ನೂ ಕರೆಸಿರು ಎಂದು ಮಹಾದೇವಿಯನ್ನು ಕಳಿಸಿದೆ. ಆ ನಾಲ್ಕೂ ದಿನ ಮಧ್ಯಾಹ್ನ ನಿದ್ದೆ ಬರಲಿಲ್ಲ.

ಅಟ್ಟದ ಮೇಲಿದ್ದ ನಿಘಂಟು ಇಳಿಸಿದೆ. ಸ್ಟಿಫ್ ತೆಗೆದರೆ ‘ಹಾರ್ಡ್ ಆದದ್ದು’ ಎಂದಿತ್ತು. ಹಾರ್ಡ್ ತೆಗೆದೆ, ‘ಸ್ಟಿಫ್, ಮೃದುವಲ್ಲದ್ದು’ ಎಂದಿತ್ತು. ರಫ್ ಎಂದರೇನೆಂದು ಕೇಳಿದರೆ ಹಾರ್ಶ್ ಕಡೆ ಕೈ ತೋರಿಸಿತು, ಹಾರ್ಶ್ ಬಾಗಿಲು ತಟ್ಟಿದರೆ ರಫ್ ಮನೆಗೆ ಹೋಗಿ ಕೇಳು ಎಂದಿತು. ಸರ್ಕಾರಿ ಕಚೇರಿಯಲ್ಲಿ ಒಂದು ಮೇಜಿನವರು ಇನ್ನೊಂದು ಮೇಜಿಗೆ ಕಳಿಸುತ್ತಾರಲ್ಲ, ಹಾಗೆ. ನಾನು ವಿದ್ಯಾರ್ಥಿಗಳಿಗೆ ಬರೆಸಿದ್ದ ಹಳೆಯ ಟಿಪ್ಪಣಿ ಹುಡುಕಿದೆ. ‘ಸ್ಟಿಫ್, ಹಾರ್ಡ್, ರಫ್, ಹಾರ್ಶ್: ಇವು ಸಮಾನಾರ್ಥಕ ಪದಗಳು, ಆದರೆ ಬಳಕೆಯಲ್ಲಿ ಸೂಕ್ಷ್ಮ ವ್ಯತ್ಯಾಸವಿದೆ’ ಎಂದು ದುಂಡಗೆ ಬರೆದಿದ್ದೆ. ಆ ಸೂಕ್ಷ್ಮ ವ್ಯತ್ಯಾಸ ಯಾವುದು ಎಂಬುದನ್ನು ಮಾತ್ರ ಬರೆದಿರಲಿಲ್ಲ. ಮೂವತ್ತೆರಡು ವರ್ಷ ಯಾವ ಮಗುವೂ ಅದನ್ನು ಕೇಳಿಯೂ ಇರಲಿಲ್ಲ. ಕೇಳಿದ್ದರೆ ಇನ್‌ಅಟೆಂಟಿವ್ ಎಂದು ಕೂರಿಸುತ್ತಿದ್ದೆನೇನೋ.

ಇನ್ನೊಂದು ತೊಡಕನ್ನೂ ಇಲ್ಲಿ ಹೇಳಬೇಕು. ನಾವು ಜೈನರು. ಅದರಲ್ಲೂ ಬೋರಗಾಂವದ ಕಟ್ಟುನಿಟ್ಟಿನ ತವರಿನಿಂದ ಬಂದ ಪದ್ಮಾ ನಮ್ಮ ಹೊಸ್ತಿಲೊಳಗೆ ಚರ್ಮದ ವಸ್ತು ಬರಗೊಡುವವಳಲ್ಲ. ನನ್ನ ನಡುಪಟ್ಟಿ ಬಟ್ಟೆಯದು, ಗಡಿಯಾರದ ಪಟ್ಟಿ ಉಕ್ಕಿನದು, ಕಾಲಿಗೆ ಜೀವಮಾನವಿಡೀ ರಬ್ಬರಿನ ಚಪ್ಪಲಿ. ಮದುವೆಯಲ್ಲಿ ಕ್ಯಾನ್‌ವಾಸ್ ಬೂಟು ಹಾಕಿಕೊಂಡಿದ್ದೆ, ನೆಂಟರು ಓಟದ ಪಂದ್ಯಕ್ಕೆ ಹೊರಟ ವರ ಎಂದು ನಕ್ಕಿದ್ದರು. ಹೀಗೆ ಅರವತ್ತು ದಾಟಿದರೂ ಒಂದೇ ಒಂದು ಚರ್ಮದ ಚಪ್ಪಲಿಯಲ್ಲಿ ಕಾಲಿಟ್ಟವನಲ್ಲ ನಾನು. ಅಂಥವನು ಕೊಲ್ಹಾಪುರಿ ಚಪ್ಪಲಿಯ ಬಗ್ಗೆ ತೀರ್ಪು ಕೊಟ್ಟು ಒಬ್ಬ ಹೆಂಗಸಿನ ಕೆಲಸ ಕಳೆದಿದ್ದೆ.

ಐದನೆಯ ದಿನ ಬಸ್ಸು ಹತ್ತಿದೆ. ಹಂಗಾಮು ಮುಗಿದಿತ್ತು, ದಾರಿಯಲ್ಲಿ ಒಂದು ಟ್ರ್ಯಾಕ್ಟರೂ ಅಡ್ಡ ಬರಲಿಲ್ಲ. ತಡವಾಗಲಿ ಎಂದು ನಾನು ಬಯಸಿದ ದಿನ ಬಸ್ಸು ಇಪ್ಪತ್ತೈದು ನಿಮಿಷಕ್ಕೇ ಮುಟ್ಟಿಸಿತು. ಮಹಾದೇವಿಯ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಹೆಂಗಸರೆಲ್ಲ ಸೇರಿದ್ದರು. ನನ್ನ ಮಾತಿನಂತೆ ಕಸ್ತೂರಿಯನ್ನೂ ಕರೆಸಿದ್ದರು. ನಲವತ್ತರ ಹೆಂಗಸು, ಬಾಗಿಲ ಹತ್ತಿರ ಸೆರಗು ಹೊದ್ದು ನಿಂತಿದ್ದಳು. ಮುಖ ನೋಡಿದೊಡನೆ ನೆನಪಾಯಿತು: ಎಂಟನೆಯ ತರಗತಿ, ಕಿಟಕಿಯ ಬದಿಯ ಕೊನೆಯ ಬೆಂಚು. ಒಮ್ಮೆಯೂ ಬಾಯಿ ತೆರೆಯದ ಹುಡುಗಿ.

“ತಪ್ಪು ನಂದು,” ಎಂದು ಶುರು ಮಾಡಿದೆ. “ಹಾಳ್ಯಾಗ ಐದ ಶಬ್ದ ಇದ್ದವು. ನಾನು ಐದಕ್ಕೂ ಬಿರಸ ಅಂದೆ. ಐದೂ ಬ್ಯಾರೆ ಬ್ಯಾರೆ.”

“ಬ್ಯಾರೆ ಅಂದ್ರ ಹೆಂಗ ಬ್ಯಾರೆ?” ಎಂದಳು ಮಹಾದೇವಿ.

ನಿಘಂಟಿನ ಹಾಗೆ ನಾನೂ ಒಂದು ಸುತ್ತು ಹಾಕಿದೆ. ಸ್ಟಿಫ್ ಅಂದರೆ ಒಂಥರಾ ಹಾರ್ಡ್, ಹಾರ್ಡ್ ಅಂದರೆ ಅದಕ್ಕಿಂತ ಸ್ವಲ್ಪ… ಎನ್ನುತ್ತ ಕೈಯಾಡಿಸಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಕಸ್ತೂರಿ ಮೊದಲ ಸಲ ಬಾಯಿಬಿಟ್ಟಳು.

“ಗುರುಗಳ, ನಮಗ ಶಬ್ದ ಬ್ಯಾಡ. ಜಾಗಾ ಹೇಳ್ರಿ. ಎಲ್ಲಿ ನೋಯಿಸತೈತಿ?”

“ಅದನ್ನ ಅವರು ಬರದಿಲ್ಲ ಬೇ.”

“ಹಂಗಂದ್ರ ನೀವ ಹಾಕ್ಕೊಂಡ ನೋಡ್ರಿ. ಮೊದಲನೇ ಮಾಲಿಂದ ಒಂದ ಜೋಡ ಉಳದೈತಿ. ಅಟ್ಟಿ ನಂದ ಐತಿ. ಕಾಲಾಗ ಹಾಕ್ಕೊಂಡ ಅಡ್ಯಾಡ್ರಿ, ಎಲ್ಲೆಲ್ಲಿ ಏನೇನ ಆಗತೈತಿ ಹೇಳ್ಕೋತ ಹೋಗ್ರಿ.”

ಚಪ್ಪಲಿ ತಂದು ಮುಂದಿಟ್ಟರು. ಪದ್ಮಾಳ ಮುಖ ಕಣ್ಣ ಮುಂದೆ ಬಂತು, ಅಮ್ಮನ ಮುಖವೂ ಬಂತು. ಆದರೆ ಬಾಗಿಲಲ್ಲಿ ನಿಂತವಳ ಮುಖ ಎಲ್ಲಕ್ಕಿಂತ ಹತ್ತಿರದಲ್ಲಿತ್ತು. ಕಾಲಿಟ್ಟೆ. ಎರಡು ಹೆಜ್ಜೆ ಹಾಕುತ್ತಲೇ ಕರ್ರ್ ಕರ್ರ್ ಎಂಬ ಸದ್ದಿಗೆ ಬೆಚ್ಚಿ ನಿಂತೆ. ಹೆಂಗಸರೆಲ್ಲ ಹೆಮ್ಮೆಯಿಂದ ನಕ್ಕರು. ಆ ಸದ್ದು ಬರಲೆಂದೇ ಪದರಗಳ ನಡುವೆ ಬೀಜ ಇಟ್ಟು ಹೊಲಿಯುತ್ತಾರಂತೆ. ಹಿಂದೆ ಊರಿನ ಗೌಡ ಬರುವುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತಿತ್ತಂತೆ. ಪರದೇಶದ ಪುಣ್ಯಾತ್ಮನಿಗೆ ಅದು ನಾಯ್ಸಿ. ಒಂದು ಶಬ್ದದ ಲೆಕ್ಕ ಅಲ್ಲೇ ಚುಕ್ತಾ ಆಯಿತು. “ಅದು ದೂರಲ್ಲ, ಅವಗ ತಿಳೀಲಿಲ್ಲ,” ಎಂದಳು ಮಹಾದೇವಿ.

ಶೆಡ್ಡಿನ ಉದ್ದಕ್ಕೂ ಹೋಗಿ ಬಂದೆ. “ಅಂಗಾಲ ಬಗ್ಗವಲ್ದು,” ಎಂದೆ. “ಅದು ಬಿರಸ. ಹೊಸಾದು ಎಲ್ಲಾ ಹಂಗ ಇರತೈತಿ, ಎಣ್ಣಿ ಹಚ್ಚಿ ಎಂಟ ದಿನಾ ನಡದ್ರ ಹೋಗತೈತಿ,” ಎಂದಳು ಕಸ್ತೂರಿ. “ಹಿಮ್ಮಡಿಗೆ ನೆಲ ತಾಗಿದ ಹಾಂಗ ಆಗತೈತಿ,” ಎಂದೆ. “ಅದು ಗಟ್ಟಿ. ಗಟ್ಟಿ ಇರಲಿಲ್ಲ ಅಂದ್ರ ಮಳಿಗಾಲಕ್ಕ ಹರದ ಹೋಗತೈತಿ.” ಮೂರನೆಯ ಸುತ್ತಿಗೆ ನಾನು ‘ಹಾ’ ಎಂದು ಕೂಗಿ ಒಂಟಿಗಾಲಿನಲ್ಲಿ ನಿಂತೆ. ಯಾವ ಶಬ್ದವೂ ಬಾಯಿಗೆ ಬರಲಿಲ್ಲ. ಬಗ್ಗಿ ಹೆಬ್ಬೆರಳು ತೋರಿಸಿದೆ. ಬುಡದಲ್ಲಿ ಕೆಂಪಗೆ ಒಂದು ಗೀರು ಬಿದ್ದಿತ್ತು.

ಕಸ್ತೂರಿ ಬಂದು ಕುಳಿತು, ಉಂಗುಟದ ಪಟ್ಟಿಯ ಒಳಅಂಚಿನ ಮೇಲೆ ಬೆರಳಾಡಿಸಿದಳು. “ಇದು ಕಡಿಯೂದು. ಅಂಚ ಹೆರದಿಲ್ಲ,” ಎಂದಳು ಮೆಲ್ಲಗೆ. ಯಾರ ಕಡೆಯೂ ನೋಡಲಿಲ್ಲ.

ನನ್ನ ತಲೆಯಲ್ಲಿ ಒಮ್ಮೆಲೇ ಬೆಳಕಾಯಿತು. ಸ್ಟಿಫ್ ಎಂದರೆ ಇವತ್ತಿನ ತೊಂದರೆ, ಎಂಟು ದಿನಕ್ಕೆ ಹೋಗುವಂಥದ್ದು. ಹಾರ್ಡ್ ಎಂಬುದು ತೊಂದರೆಯೇ ಅಲ್ಲ, ಅಟ್ಟೆಗೆ ಅದು ಬೇಕಾದ ಗುಣ. ರಫ್ ಎಂದರೆ ಹೆರೆಯದೆ ಬಿಟ್ಟ ಅಂಚು, ಹಾರ್ಶ್ ಎಂದರೆ ಆ ಅಂಚು ಬೆರಳಿಗೆ ಮಾಡುವ ಕೆಲಸ. ಅದಕ್ಕೇ ಎರಡನೆಯ ಹಾಳೆಯಲ್ಲೂ ಆ ಎರಡು ಶಬ್ದ ಹಾಗೇ ಉಳಿದಿದ್ದವು. ಅಟ್ಟೆ ಬದಲಾಗಿತ್ತು, ಉಂಗುಟದ ಪಟ್ಟಿ ಬದಲಾಗಿರಲಿಲ್ಲ. ಮೂವತ್ತೆರಡು ವರ್ಷ ಬರೆಸಿದ ಸೂಕ್ಷ್ಮ ವ್ಯತ್ಯಾಸ ಕೊನೆಗೂ ನನಗೆ ಸಿಕ್ಕಿದ್ದು ಹೆಬ್ಬೆರಳಿನ ಬುಡದಲ್ಲಿ.

ಆದರೆ ಉಂಗುಟದ ಪಟ್ಟಿ ಮಹಾದೇವಿಯದು. ಗುಂಪು ಒಡೆಯಿತು, ಅದೂ ನನ್ನಿಂದಲೇ ಒಡೆಯಿತು ಎಂದು ನಾನು ಒಂಟಿಗಾಲಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಮಹಾದೇವಿ ಚಪ್ಪಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು, ತನ್ನ ಹೆಬ್ಬೆರಳಿನಿಂದ ಅಂಚು ಮುಟ್ಟಿದಳು. “ಆವತ್ತ ಗಡಿಬಿಡಿ ಇತ್ತ. ಹೆರಿಯೂದ ಬಿಟ್ಟ ಹಂಗ ಹಚ್ಚೇನಿ. ಆಮ್ಯಾಲ ಅದ ರೂಢಿ ಆತು,” ಎಂದಳು. ಕಸ್ತೂರಿಯ ಕೈ ಹಿಡಿದು ಎಳೆದು ಅಟ್ಟೆಯ ಕಲ್ಲಿನ ಮುಂದೆ ಕೂರಿಸಿದಳು. “ಕುಂಡ್ರ ಬೇ ನಿನ್ನ ಜಾಗಾದಾಗ. ಈ ಸಲ ನಾ ಕೈ ಕಟ್ಟಿ ಕುಂಡ್ರತೇನಿ. ಪಟ್ಟಿ ನೀವ ಯಾರರ ಮಾಡ್ರಿ.” ಕಸ್ತೂರಿ ಉಳಿ ಕೈಗೆ ತಗೊಂಡು, ಅದರ ಅಂಚನ್ನು ಉಗುರಿನ ಮೇಲೆ ಇಟ್ಟು ನೋಡಿ, ಮಸೆಯಲು ಶುರು ಮಾಡಿದಳು. ನನಗೆ ಹೋದ ಜೀವ ಬಂದಂತಾಯಿತು. ಎತ್ತಿದ ಕಾಲು ಕೆಳಗಿಟ್ಟೆ, ಅದು ಮತ್ತೆ ಕಡಿಯಿತು. ಸಂತೋಷದಲ್ಲಿ ಅದೂ ಹಿತವೆನಿಸಿತು.

ಇನ್ನು ಗೋವಾದ ಬಾಯಿಗೆ ಪತ್ರ ಬರೆಯಬೇಕಿತ್ತು. ಬಿರುಸು ಎಂಟು ದಿನದಲ್ಲಿ ಹೋಗುತ್ತದೆ ಎಂದು ಬರೆಯುವ ಮೊದಲು ನನಗೇ ಖಾತ್ರಿಯಾಗಬೇಡವೇ? ಮತ್ತೊಮ್ಮೆ ಚಾಪೆಯ ಮೇಲೆ ಮಲಗಿ ತೀರ್ಪು ಕೊಡುವ ಧೈರ್ಯ ಉಳಿದಿರಲಿಲ್ಲ. ಅಂಚು ಹೆರೆಸಿಕೊಂಡು, ಅದೇ ಜೋಡಿಯನ್ನು ಚೀಲದಲ್ಲಿ ಹಾಕಿಕೊಂಡು ಅಥಣಿಗೆ ತಂದೆ. ಕಂಪೌಂಡಿನ ಹೊರಗೆ ಕಲ್ಲಿನ ಸಂದಿಯಲ್ಲಿ ಅಡಗಿಸಿಟ್ಟೆ. ಬೆಳಗ್ಗೆ ವಾಯುವಿಹಾರವೆಂದು ರಬ್ಬರ್ ಚಪ್ಪಲಿಯಲ್ಲಿ ಹೊರಬೀಳುವುದು, ಸಂದಿಯ ಹತ್ತಿರ ಬದಲಿಸುವುದು, ಎಣ್ಣೆ ಸವರುವುದು, ತಿರುಗಾಡಿ ಬಂದು ಮತ್ತೆ ಅಡಗಿಸುವುದು. ಮದುವೆಯಾಗಿ ಮೂವತ್ತೈದು ವರ್ಷಕ್ಕೆ ಹೆಂಡತಿಗೆ ಮೋಸ ಮಾಡಿದ್ದೆಂದರೆ ಇದೊಂದೇ, ಅದೂ ಚಪ್ಪಲಿಯ ವಿಷಯದಲ್ಲಿ.

ಆರನೆಯ ದಿನ ಚಹಾ ಕೊಡುತ್ತ ಪದ್ಮಾ ಕೇಳಿದಳು. “ಏನ್ರೀ, ಮೊನ್ನಿಗಿಂತ ಇವತ್ತ ಸಪ್ಪಳ ಬ್ಯಾರೆ ಬಂದಂಗಾತು? ಮೆತ್ತಗಾದವೇನು?”

ಚಹಾದ ಲೋಟ ಕೆಳಗಿಟ್ಟೆ. ಗೌಡ ಬರುವುದು ಮೊದಲು ಕಿವಿಗೆ ತಿಳಿಯುತ್ತಿತ್ತು ಎಂದಿದ್ದರಲ್ಲ, ಅದನ್ನು ನಾನು ಮರೆತಿದ್ದೆ. ಓಣಿಯ ತುದಿಯಿಂದಲೇ ಕರ್ರ್ ಕರ್ರ್ ಎಂದು ಸಾರಿಕೊಂಡು ಬಂದು, ಆಮೇಲೆ ಕಳ್ಳನ ಹಾಗೆ ಸಂದಿಯಲ್ಲಿ ಬಗ್ಗುತ್ತಿದ್ದೆ. ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿಬಿಟ್ಟೆ. ಪದ್ಮಾ ನನ್ನೆದುರು ಬಂದು ಕುಳಿತಳು. “ಆಕಿ ಮೂರ ತಿಂಗಳ ಸ್ವಾಗಿ ಸುಲಿಯಾಕ ಹೋದ್ಲೇನು, ನೀವ ಮಲಗಿಕೋತ ಹೇಳಿದ ಮಾತಿಗೆ?” ಎಂದಳು. ಹೌದೆಂದೆ. “ಹಂಗಾರ ಎಂಟ ದಿನಾ ಪೂರಾ ನಡೀರಿ. ಒಳಗ ತರಬ್ಯಾಡ್ರಿ. ಬರುವಾಗ ಕಾಲ ತೊಳಕೊಂಡ ಬರ್ರಿ. ನನಗ ಇದು ಸೇರೂದಿಲ್ಲ, ಆದ್ರ ಆಕಿ ಕಷ್ಟಕ್ಕಿಂತ ಇದು ಹೆಚ್ಚಿಂದಲ್ಲ.” ಇಷ್ಟು ಸುಲಭದಲ್ಲಿ ಪಾರಾಗುತ್ತೇನೆಂದು ಅಂದುಕೊಂಡಿರಲಿಲ್ಲ. ಆ ಮಧ್ಯಾಹ್ನ ಅದೆಷ್ಟೋ ದಿನಗಳ ಮೇಲೆ ಗಾಢವಾಗಿ ನಿದ್ದೆ ಮಾಡಿದೆ.

ಒಂಬತ್ತನೆಯ ದಿನ ಪತ್ರ ಬರೆದೆ. ಐದು ಶಬ್ದಗಳಿಗೆ ಐದು ಸಾಲು, ಜೀವನದಲ್ಲಿ ಮೊದಲ ಸಲ ನಿಘಂಟು ಮುಟ್ಟದೆ. ಅಂಗಡಿಯ ಬಾಯಿ ಒಪ್ಪಿದರು. ಚಪ್ಪಲಿಯ ಜೊತೆ ಎಣ್ಣೆ ಹಚ್ಚುವ ಬಗೆ ಮತ್ತು ಸದ್ದಿನ ಕಥೆ ಹೇಳುವ ಒಂದು ಚೀಟಿಯನ್ನೂ ಇಡಲು ಕೇಳಿದರು. ಈಗ ಆ ಸದ್ದು ಬರುತ್ತದೋ ಇಲ್ಲವೋ ಎಂದು ಗಿರಾಕಿಗಳೇ ಕಿವಿಗೆ ಹಿಡಿದು ನೋಡಿ ಕೊಳ್ಳುತ್ತಾರಂತೆ. ಒಂದು ಮಾಲು ಕೈ ಕಟ್ಟಿ ಕೂತ ಮಹಾದೇವಿ ಮತ್ತೆ ಪಟ್ಟಿಗೆ ಬಂದಿದ್ದಾಳೆ, ಅಂಚು ಹೆರೆದು ಹೆರೆದು ಉಳಿಯನ್ನೇ ಸವೆಸಿದ್ದಾಳೆ ಎಂದು ಸುದ್ದಿ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನೇ ಅದರ ನಾಯಕನಾಗಿ ಉ‍ಳಿಯುತ್ತಿದ್ದೆ. ಆದರೆ ಹೋದ ವಾರ ಕಸ್ತೂರಿ ನಮ್ಮ ಮನೆಗೆ ಬಂದಳು. ಚೀಲದಿಂದ ಒಂದು ಜೋಡಿ ತೆಗೆದು ಕಟ್ಟೆಯ ಮೇಲಿಟ್ಟಳು. ರಬ್ಬರಿನ ಅಟ್ಟೆ, ದಪ್ಪ ಕ್ಯಾನ್‌ವಾಸಿನ ಪಟ್ಟಿ, ನೂಲಿನ ಹೆಣಿಗೆ. ನೋಡಲು ಥೇಟ್ ಕೊಲ್ಹಾಪುರಿ, ಒಂದು ಎಳೆ ಚರ್ಮವಿಲ್ಲ. “ಅಕ್ಕಾರು ಒಳಗ ತರಗೊಡೂದಿಲ್ಲ ಅಂತ ಕೇಳಿದೆ. ಇವನ್ನ ತರಗೊಡತಾರ,” ಎಂದಳು. ಪದ್ಮಾ ಹೊರಬಂದು ಕೈಯಲ್ಲಿ ಹಿಡಿದು, ಮೂಸಿ ನೋಡಿ, ಹೊಸ್ತಿಲ ಒಳಗಿಟ್ಟು ಚಹಾ ಮಾಡಲು ಹೋದಳು.

ಕಸ್ತೂರಿ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟಳು. ಈಗ ಅವರೂ ಅಂಗಡಿಯ ಹಾಗೆ ಅಭಿಪ್ರಾಯ ಬರೆಸಿಕೊಳ್ಳುತ್ತಾರಂತೆ. ನಾನು ಚಪ್ಪಲಿ ಕಾಲಿಗೂ ಹಾಕದೆ ಪೆನ್ನು ತೆಗೆದು ‘ಗುಡ್’ ಎಂದು ಬರೆಯಲು ಹೊರಟೆ.

“ಶಿಕ್ಕಾ ಹೊಡೀಬ್ಯಾಡ್ರಿ, ಗುರುಗಳ,” ಎಂದಳು. “ಹಾಕ್ಕೊಂಡ ಅಡ್ಯಾಡಿ ಬರೀರಿ.”

ಪೆನ್ನು ಕೈಯಲ್ಲೇ ಉಳಿಯಿತು. “ನಿನಗ ಯಾವ ಶಿಕ್ಕಾ ಹೊಡದಿದ್ದೆ ಬೇ?” ಎಂದು ಕೇಳಿದೆ. ಉತ್ತರ ಗೊತ್ತಿತ್ತು.

“ಡಲ್ ಅಂತ. ಮೂರು ವರ್ಷ. ನಮ್ಮಪ್ಪ ಅಂದ್ರೇನು ಅಂತ ಕೇಳಿದ. ಕೈಯಾಗಿನ ಕೆಲಸದ ಮ್ಯಾಲ ಲಕ್ಷ್ಯ ಇಟ್ಟು ಸುಮ್ಮ ಕುಂಡ್ರುವಾಕಿ ಅಂತ ಅರ್ಥ ಅಂದೆ. ಅಂವಗ ಭಾಳ ಖುಷಿ ಆತು. ಹಂಗಾರ ಅಟ್ಟಿ ಕೆಲಸಾ ನಿನಗ ಬರತೈತಿ ಅಂತ ಅವತ್ತಿಂದನ ಬಾಜೂಕ ಕೂಡ್ಸಿಕೊಂಡ.” ಅವಳು ನಗುತ್ತಿದ್ದಳು. ನನ್ನ ಶಬ್ದಕ್ಕೆ ನನಗಿಂತ ಒಳ್ಳೆಯ ಅರ್ಥವನ್ನು ಹದಿಮೂರರ ಆ ಹುಡುಗಿ ಆಗಲೇ ಹಚ್ಚಿದ್ದಳು. ನನಗೆ ನಾಚಿಕೆಯೂ ಆಯಿತು, ಎದೆಯ ಮೇಲಿನ ಕಲ್ಲು ಇಳಿದಂತೆಯೂ ಆಯಿತು.

ಎದ್ದೆ. ಚಪ್ಪಲಿ ಮೆಟ್ಟಿ ಪಡಸಾಲೆಯಲ್ಲಿ ಐದು ಸುತ್ತು ಬಂದೆ. ಆಮೇಲೆ ಕುಳಿತು ಕನ್ನಡದಲ್ಲೇ ಬರೆದೆ: ‘ಎಡಗಾಲಿನ ಕಿರುಬೆರಳಿನ ಹತ್ತಿರ ಅಡ್ಡಪಟ್ಟಿ ಒಂದು ನೂಲಿನಷ್ಟು ಒತ್ತುತ್ತದೆ. ಬಲಗಾಲಿಗೆ ಏನೂ ತೊಂದರೆಯಿಲ್ಲ.’ ಕಸ್ತೂರಿ ಹಾಳೆ ತಗೊಂಡು ಎರಡು ಸಲ ಓದಿದಳು. ನನ್ನ ಪೆನ್ನು ಕೇಳಿ ತಗೊಂಡು ಕೊನೆಯಲ್ಲಿ ಏನೋ ಬರೆದು, ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. ಇಂಗ್ಲಿಷಿನಲ್ಲಿ, ದುಂಡಗೆ, ಒಂದೇ ಶಬ್ದ: ಫೇರ್.

ಗುಡ್ ಕೊಟ್ಟಿರಲಿಲ್ಲ. ಆದರೂ ಡಲ್ ಅಲ್ಲವಲ್ಲ ಎಂದು ನಾನು ಬಿಟ್ಟ ನಿಟ್ಟುಸಿರು ಅಡುಗೆಮನೆಯಲ್ಲಿದ್ದ ಪದ್ಮಾಳಿಗೂ ಕೇಳಿಸಿತಂತೆ.